ಇಡೀ ದಿನ ತೆರೆದಿದ್ದ ಲೈನು

ಗುರುವಾರ, ಹದಿನೇಳನೇ ತಾರೀಕು
ಆಫೀಸು, ಮೂರನೇ ಮಹಡಿ, ಕಿಟಕಿ ಇಲ್ಲದ ಮೂಲೆ

ಪ್ರೀತಿಯ ಹತ್ತಿ,

ಲಕೋಟೆ ನೋಡಿ ನಗಬೇಡ. ಈ ಕಾಲದಲ್ಲಿ ಕಾಗದ ಯಾರು ಬರೀತಾರೆ ಅಂತ ನಿನ್ನ ಯಜಮಾನರು ಕೇಳಿದರೆ, ತಲೆ ಕೆಟ್ಟವಳೊಬ್ಬಳು ಬರೀತಾಳೆ ಅನ್ನು. ಹತ್ತು ದಿನದಲ್ಲಿ ನೀನು ಆರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕೋಪ ಅಂದುಕೊಂಡಿರುತ್ತೀಯ. ಕೋಪವಲ್ಲ ಕಣೇ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ನೀನು ‘ಹೋಗ್ಲಿ ಬಿಡೇ’ ಅಂದುಬಿಡುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಈ ಸಲ ಬಿಡುವ ಹಾಗಿಲ್ಲ. ನೀನು ಮನೆಯಿಂದಲೇ ಕೆಲಸ ಮಾಡಬಹುದು ಅಂತ ನಾನು ಸಹಿ ಹಾಕಬೇಕಾದ ಆ ಫಾರಂಗೆ ನಾಳೆಯೇ ಕೊನೆಯ ದಿನ. ನಾಳೆ ತಪ್ಪಿದರೆ ನಿನ್ನ ಕೆಲಸ ಹೋಯಿತು. ಅದನ್ನು ನಾನು ಮರೆತಿಲ್ಲ, ಆ ವಿಷಯಕ್ಕೂ ಬರುತ್ತೇನೆ. ಅದಕ್ಕೆ ಮೊದಲು ಹೊಟ್ಟೆಯಲ್ಲಿರುವುದನ್ನೆಲ್ಲ ಕಾರಿಕೊಳ್ಳಬೇಕು, ಸ್ವಲ್ಪ ಸಹಿಸಿಕೋ.

ಥೂ, ಏನು ಜಾಗ ಇದು! ಮೂರು ವರ್ಷದ ಮೇಲೆ ಕಾಲಿಟ್ಟ ದಿನ ಬಾಗಿಲಿಗೆ ಬಲೂನು ಕಟ್ಟಿದ್ದರು. ಒಳಗೆ ಕೇಕು, ಅದರ ಮೇಲೆ ಕೆನೆಯಲ್ಲಿ ‘ಮರಳಿ ಮನೆಗೆ ಸ್ವಾಗತ’ ಅಂತ ಬರೆಸಿದ್ದರು. ಮನೆಯಿಂದ ಎಳೆದು ತಂದವರನ್ನು ಮನೆಗೆ ಸ್ವಾಗತ ಅನ್ನುವುದಕ್ಕೆ ಎಂಥ ದಪ್ಪ ಚರ್ಮ ಬೇಕು! ನಮ್ಮ ಮ್ಯಾನೇಜರು, ಅದೇ ನಮ್ಮ ಗುಡುಗು ಸಾಹೇಬರು, ಮೇಣದಬತ್ತಿ ಊದಿದಾಗ ಎಂಜಲೆಲ್ಲ ಆ ಕೆನೆಯ ಮೇಲೆ ಬಿತ್ತು. ಕಣ್ಣಾರೆ ಕಂಡೆ. ಅರವತ್ತು ಜನ ಅದನ್ನೇ ಸಾಲಾಗಿ ನಿಂತು ತಿಂದರು. ನಾನು ನನ್ನ ಪಾಲನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಚೀಲಕ್ಕೆ ತುರುಕಿದೆ. ಅದೇ ದಿನ ನಿನ್ನ ಯಜಮಾನರು ಕೆಳಗೆ ಕೊಟ್ಟುಹೋದ ಫಾರಮ್ಮೂ ಅದೇ ಚೀಲದಲ್ಲಿತ್ತು. ಅದರ ಮೂಲೆಯಲ್ಲಿ ಜಿಡ್ಡಿನ ಕಲೆಯಿದೆ, ಬೈಯಬೇಡ.

ಈಗ ಇಲ್ಲಿ ಯಾರಿಗೂ ಸ್ವಂತ ಕುರ್ಚಿಯಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಕುರ್ಚಿ ಹಿಡಿಯಬೇಕು. ಕುರ್ಚಿ ಹಾಳಾಗಲಿ, ಹೆಡ್‌ಫೋನನ್ನೂ ಹಂಚಿಕೊಳ್ಳಬೇಕಂತೆ! ಇನ್ನೊಬ್ಬರ ಕಿವಿಯ ಬೆವರು, ತಲೆಯ ಎಣ್ಣೆ, ಹೇಳಬಾರದ್ದು ಇನ್ನೇನೇನೋ ಹೀರಿದ ಸ್ಪಂಜನ್ನು ನಮ್ಮ ಕಿವಿಗೆ ಒತ್ತಿಕೊಳ್ಳಬೇಕು. ಮೊದಲ ದಿನ ಒರೆಸಿದ ಕಾಗದ ಕಂದು ಬಣ್ಣಕ್ಕೆ ತಿರುಗಿತು. ಕೀಬೋರ್ಡನ್ನು ತಲೆಕೆಳಗೆ ಮಾಡಿ ಕೊಡವಿದರೆ ಬಿಸ್ಕತ್ತಿನ ಪುಡಿ, ಒಂದು ಕೂದಲು, ಹಲ್ಲಲ್ಲಿ ಕಡಿದು ಉಗಿದ ಎರಡು ಉಗುರು. ಹೆಂಗಸರ ಶೌಚಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ: ‘ನಾವೆಲ್ಲ ಒಂದೇ ಕುಟುಂಬ, ದಯವಿಟ್ಟು ನೀರು ಹಾಕಿ.’ ಕುಟುಂಬದವರು ಯಾರೂ ಹಾಕುವುದಿಲ್ಲ.

ನಮ್ಮ ಹಳೇ ಮೇಜಿನ ಖಾನೆ ಎಳೆದೆ. ನಿನ್ನ ಕಪ್ಪು ಹಾಗೇ ಇತ್ತು. ಎರಡೇ ವಾರ ಅಂತ ಹೇಳಿ ನಮ್ಮನ್ನು ಮನೆಗೆ ಕಳಿಸಿದ ದಿನ ನೀನು ಅರ್ಧ ಕುಡಿದಿಟ್ಟ ಚಹಾ, ಮೂರು ವರ್ಷದಲ್ಲಿ ಬೂಷ್ಟು ಹಿಡಿದು, ಒಣಗಿ, ಮೇಲೆ ಬೂದುಬಣ್ಣದ ತುಪ್ಪಳ ಬೆಳೆದಿತ್ತು. ಅದನ್ನು ಕಸಕ್ಕೆ ಎಸೆಯಬೇಕಾಗಿತ್ತು. ಎಸೆಯಲಿಲ್ಲ. ಮೂರು ಸಲ ವಾಕರಿಸಿಕೊಂಡು, ಅರ್ಧ ಗಂಟೆ ಉಜ್ಜಿ ತೊಳೆದಿದ್ದೇನೆ. ಬಾಗಿಲು ಕಾಯುವವನು ನೋಡಿ ಗುರುತು ಹಿಡಿದ. ಹತ್ತೀನೂ ಬೆಂಕಿಪೊಟ್ಟಣಾನೂ ಒಂದೇ ಮೇಜಲ್ಲಿ ಕೂರ್ಸಿದಾರೆ, ಬಿಲ್ಡಿಂಗ್ ಉಳಿಯೋದು ಡೌಟು ಅಂತ ಹತ್ತೊಂಬತ್ತು ವರ್ಷದ ಹಿಂದೆ ನಮಗೆ ಹೆಸರಿಟ್ಟವನು ಅವನೇ ಅಲ್ಲವೇ. ನೀನೆಲ್ಲಿ ಅಂತ ಕೈಯಲ್ಲೇ ಕೇಳಿದ. ನಾನು ಮುಖ ತಿರುಗಿಸಿಕೊಂಡು ಬಂದೆ.

ಎಲ್ಲಕ್ಕಿಂತ ಹೇಸಿಗೆ ಇವರ ಮಾತು. ಮೂರು ವರ್ಷ ಮನೆಯಲ್ಲಿ ಕೂತು ಎಲ್ಲರಿಗೂ ಬಾಯಿ ಬಿಟ್ಟು ಮಾತಾಡುವುದೇ ಮರೆತುಹೋಗಿದೆ. ಹಾಲಿನ ತುಂಬ ಒಂದೇ ಗುಜುಗುಜು. ಈಗ ನನ್ನ ಜೊತೆ ಹಾಕಿರುವ ಹುಡುಗಿಯ ಬಾಯಲ್ಲಿ ದಿನವಿಡೀ ಚೂಯಿಂಗ್ ಗಮ್ಮು. ಅದನ್ನು ಮೇಜಿನ ಅಡಿಗೆ ಅಂಟಿಸಿ ಊಟಕ್ಕೆ ಹೋಗಿ, ಬಂದು ಅದನ್ನೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ, ಛೀ! ಮೊನ್ನೆ ನನ್ನ ಭುಜ ಅಲ್ಲಾಡಿಸಿ, ಆಂಟಿ, ಮೂರು ಸಲ ಕೂಗ್ದೆ ಅಂದಳು. ಆ ಗಮ್ಮನ್ನು ಉಗಿದು ಕೂಗಮ್ಮ ಅಂದೆ. ಇಡೀ ಮಹಡಿಯಲ್ಲಿ ಗುಡುಗು ಸಾಹೇಬರೊಬ್ಬರೇ ಮನುಷ್ಯರ ಹಾಗೆ ಮಾತಾಡುವುದು.

ಇಷ್ಟೆಲ್ಲ ಬೈದೆನಲ್ಲ, ಮುಖ್ಯವಾದದ್ದನ್ನು ಇನ್ನೂ ಹೇಳಿಲ್ಲ. ಈ ಅರವತ್ತು ಜನರನ್ನು ಇಲ್ಲಿಗೆ ಎಳೆತಂದವಳು ನಾನೇ.

ಕಾಗದ ಮಡಿಸಿಡಬೇಡ, ಪೂರ್ತಿ ಓದು.

ಡಾಕ್ಟರುಗಳು ರೋಗಿಯನ್ನು ನೋಡಿ ಫೋನಿಗೆ ಒದರಿದ್ದನ್ನು ಕೇಳಿಕೊಂಡು ನಾನು ಟೈಪ್ ಮಾಡುವುದು, ಅದನ್ನೇ ನೀನು ಮತ್ತೊಮ್ಮೆ ಕೇಳಿ ತಿದ್ದುವುದು. ಇಲ್ಲಿ ಪಕ್ಕಪಕ್ಕ ಕೂತು ಮಾಡುತ್ತಿದ್ದ ಕೆಲಸವನ್ನು ಮನೆಯಲ್ಲಿ ಮಾಡಬೇಕಾಗಿ ಬಂದಾಗ, ಲೈನು ತೆರೆದೇ ಇಡೋಣ ಅಂದವಳು ನೀನು. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದ ಫೋನು ಸಂಜೆ ಐದಕ್ಕೇ ಇಡುವುದು. ನಿಮ್ಮ ಮನೆಯ ಕುಕ್ಕರ್ ನನ್ನ ಮನೆಯಲ್ಲಿ ಕೂಗುತ್ತಿತ್ತು. ನನ್ನ ನಲ್ಲಿ ಸೋರುತ್ತಿದೆ ಅಂತ ನೀನು ಅಲ್ಲಿಂದ ಗದರುತ್ತಿದ್ದೆ. ಹಾಸಿಗೆ ಹಿಡಿದ ನಿನ್ನತ್ತೆಯ ಗಾಳಿಹಾಸಿಗೆಯ ಪಂಪು ಗುಂಯ್ ಅನ್ನುತ್ತಲೇ ಇರುತ್ತಿತ್ತು. ಮಧ್ಯಾಹ್ನ ಒಂದೂವರೆಗೆ ಅವರು ಒಳಗಿನಿಂದ ‘ಆ ಹುಡುಗಿ ಊಟ ಮಾಡಿದ್ಲಾ ಕೇಳು’ ಅನ್ನುತ್ತಿದ್ದರು. ನಲವತ್ತೇಳು ವರ್ಷದ ನನ್ನನ್ನು ಹುಡುಗಿ ಅನ್ನುವವರು ಅವರೊಬ್ಬರೇ. ಒಬ್ಬಳೇ ಇರುವ ಮನೆಯಲ್ಲಿ ಅಡುಗೆ ಯಾರಿಗೆ ಬೇಕು ಅನ್ನಿಸಿದ ದಿನವೂ ಅವರ ಆ ಪ್ರಶ್ನೆಗೆ ಹೆದರಿ ಒಲೆ ಹಚ್ಚಿದ್ದೇನೆ.

ಏಳು ತಿಂಗಳ ಹಿಂದೆ ಅವರಿಗೆ ಜ್ವರ ಏರಿ, ನೀನು ಎರಡು ವಾರ ಅರ್ಧಂಬರ್ಧ ಕೆಲಸ ಮಾಡಿದೆಯಲ್ಲ, ಆಗ ನಡೆದದ್ದು. ಮನೆಯವರ ಜೊತೆ ಮಾತಾಡುವಾಗ ನೀನು ತಪ್ಪದೆ ಮ್ಯೂಟ್ ಒತ್ತುತ್ತಿದ್ದೆ. ಆ ಮಧ್ಯಾಹ್ನ ಮರೆತೆ. ಅವಳ ಕೆಲ್ಸಾನೂ ಅರ್ಧ ನಾನೇ ಮಾಡ್ತಿದೀನಿ ಕಣ್ರೀ ಅಂತ ನಿನ್ನ ಯಜಮಾನರಿಗೆ ಹೇಳಿದ್ದು ನೇರವಾಗಿ ನನ್ನ ಹೆಡ್‌ಫೋನಿಗೆ ಬಂತು. ಅದರ ಹಿಂದೆಯೇ ಇನ್ನೊಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷದ ಗೆಳತಿ ನನ್ನ ಬೆನ್ನ ಹಿಂದೆ ಹೀಗಾ ಅಂದುಕೊಂಡೆ. ನಿನ್ನನ್ನು ಕೇಳಲಿಲ್ಲ, ಬೈಯಲಿಲ್ಲ, ಮಾರನೇ ದಿನ ಏನೂ ಆಗದ ಹಾಗೆ ಲೈನು ಹಚ್ಚಿದೆ. ಬೆಂಕಿಪೊಟ್ಟಣ ಒದ್ದೆಯಾದರೆ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು.

ಅದೇ ವಾರ ಹನ್ನೊಂದು ಕಾಗದಗಳು ಆಸ್ಪತ್ರೆಯಿಂದ ವಾಪಸ್ ಬಂದವು. ನಿನಗೆ ಮತ್ತೆ ಕೇಳಲು ಪುರುಸೊತ್ತಿಲ್ಲದೆ, ನಾನು ಟೈಪ್ ಮಾಡಿದ್ದು ಹಾಗೇ ಹೋಗಿತ್ತು. ಒಂದೊಂದರಲ್ಲೂ ಡಾಕ್ಟರು ಹೇಳಿದ ಎರಡು ಮೂರು ವಾಕ್ಯಗಳೇ ಮಾಯ. ಸಾಹೇಬರು ಕಾರಣ ಬರೆದು ಕೊಡಿ ಅಂದರು. ನಾನು ಮೂರು ಸಾಲು ಬರೆದು ಕಳಿಸಿದೆ: ‘ಜೊತೆಗಾರ್ತಿಯ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯಿದ್ದಾರೆ. ಪಂಪಿನ ಸದ್ದು, ಕೂಗಾಟ ದಿನವಿಡೀ ಲೈನಿನಲ್ಲಿ ಬರುತ್ತದೆ. ಮನೆಯಿಂದ ಈ ಕೆಲಸ ಸರಿಯಾಗಿ ಆಗುವುದಿಲ್ಲ.’ ನನ್ನ ಊಟ ವಿಚಾರಿಸುವ ಮುದುಕಿಯ ಮೇಲೆ ನನ್ನ ತಪ್ಪು ಹೊರಿಸಿದೆ. ಮೇಲಿನವರಿಗೆ ಎಲ್ಲರನ್ನೂ ವಾಪಸ್ ಕರೆಸಲು ಒಂದು ನೆಪ ಬೇಕಿತ್ತು, ಸಿಕ್ಕಿತು. ಹೆಡ್‌ಫೋನಿನ ಕೊಳೆ, ಮೇಜಿನಡಿಯ ಗಮ್ಮು, ಇದ್ಯಾವುದೂ ನನ್ನಷ್ಟು ಅಸಹ್ಯವಲ್ಲ.

ಇನ್ನು ನಿನ್ನ ಫಾರಂ. ‘ಇವರು ಮನೆಯಿಂದ ಮಾಡಿದರೆ ಕೆಲಸಕ್ಕೆ ತೊಂದರೆಯಿಲ್ಲ’ ಅಂತ ಜೊತೆಗಾರ್ತಿ ಸಹಿ ಹಾಕಬೇಕು. ಹತ್ತು ದಿನ ದಿನಾ ಸಂಜೆ ಹೊರಗೆ ತೆಗೆದೆ, ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಸಹಿ ಮಾಡಿದರೆ ನಾನು ಮೊದಲು ಬರೆದದ್ದು ಸುಳ್ಳಾಗುತ್ತದೆ. ಮಾಡದಿದ್ದರೆ ನಿನ್ನ ಕೆಲಸ ಹೋಗುತ್ತದೆ. ಅತ್ತೆಯನ್ನು ಬಿಟ್ಟು ನೀನು ಇಲ್ಲಿಗೆ ಬರುವವಳಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಹೇಡಿಯ ಹಾಗೆ ಕೂತಿದ್ದೆ. ನಾಳೆ ಮಾಡೋಣ, ನಾಳೆ ಮಾಡೋಣ ಅಂತ ದಿನ ತಳ್ಳಿದೆ.

ಇವತ್ತು ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ನನ್ನ ಮೂರು ಸಾಲು ಅಂಟಿಸಿದ್ದರು. ಹೆಸರಿಲ್ಲ. ಮೇಲೆ ‘ಹಿರಿಯ ನೌಕರರೊಬ್ಬರ ಪ್ರಾಮಾಣಿಕ ಮಾತು’ ಅಂತ ತಲೆಬರಹ ಬೇರೆ. ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಗೀಚಿದ್ದರು: ‘ಥ್ಯಾಂಕ್ಸ್ ಅಜ್ಜಿ, ನಿಮ್ಮಿಂದಾನೇ ನಮ್ಗೆಲ್ಲ ಈ ಜೈಲು.’ ಕಾಫಿ ಹಿಡಿದುಕೊಂಡು ಓದಿ ಓದಿ ನಗುತ್ತಿದ್ದರು ಕಣೇ. ಎಲ್ಲರ ಎದುರೇ ಅದನ್ನು ಹರಿದು, ಉಂಡೆ ಮಾಡಿ, ಫಾರಂ ತೆಗೆದುಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ. ಅವರ ಮೇಜಿನ ಮೇಲೆಯೇ ಸಹಿ ಹಾಕಿದೆ.

ಅವರು ಆ ಉಂಡೆಯನ್ನು ಬಿಡಿಸಿ, ಫಾರಂ ಪಕ್ಕದಲ್ಲಿಟ್ಟರು. ಎರಡ್ರಲ್ಲಿ ಒಂದು ಸುಳ್ಳು, ಯಾವ್ದಮ್ಮ ಅಂದರು. ಹರಿದದ್ದು ಅಂದೆ. ಹಾಗಾದ್ರೆ ಆ ಹನ್ನೊಂದು ಕಾಗ್ದ ಯಾರ ತಪ್ಪು ಅಂತ ಗುಡುಗಿದರು. ಬಾಗಿಲು ತೆರೆದೇ ಇತ್ತು. ಅರವತ್ತು ತಲೆಗಳು ಇತ್ತ ತಿರುಗಿದ್ದವು. ನನ್ನದು ಸಾರ್, ಪೂರ್ತಿ ನನ್ನದು, ಅವಳು ಹಿಂದೆ ಕೂತು ತಿದ್ದುತ್ತಿದ್ದದ್ದಕ್ಕೇ ಇಷ್ಟು ವರ್ಷ ನನ್ನ ಮಾನ ಉಳಿದದ್ದು ಅಂದೆ. ಯಾಕೆ ಹಾಗಾಯ್ತು ಅಂತ ಕೇಳಿದರು. ಗಮನ ಇರಲಿಲ್ಲ ಅಂದೆ. ಅವರು ನಿನ್ನ ಫಾರಂ ಮೇಲೆ ಮೊಹರು ಒತ್ತಿದರು. ಅದರ ಪ್ರತಿ ಈ ಲಕೋಟೆಯಲ್ಲೇ ಇದೆ. ಸೋಮವಾರದಿಂದ ಲೈನು ಹಚ್ಚು, ಆ ಗಮ್ಮಿನ ಹುಡುಗಿ ನಿನ್ನ ಜೊತೆಗಾರ್ತಿ. ಹುಡುಗಿ ಕೊಳಕಿ, ಆದರೆ ಚುರುಕು.

ನಾನು ಸೋಮವಾರದಿಂದ ನೆಲಮಾಳಿಗೆಗೆ. ಹಳೇ ಕಡತಗಳನ್ನು ಚೂರು ಮಾಡುವ ಯಂತ್ರವಿದೆಯಲ್ಲ, ಅಲ್ಲಿ. ಅದರ ಸದ್ದಿಗೆ ತಲೆ ಸಿಡಿಯುತ್ತದೆ ಅಂತ ಇಬ್ಬರು ಬಿಟ್ಟು ಹೋದರಂತೆ. ನನಗೆ ಆ ತೊಂದರೆಯಿಲ್ಲ. ನಿನ್ನ ಕಪ್ಪನ್ನು ಜೊತೆಗೆ ಒಯ್ಯುತ್ತೇನೆ, ಬೇಕಾದರೆ ಬಂದು ಜಗಳ ಮಾಡಿ ತೆಗೆದುಕೊಂಡು ಹೋಗು.

ಕ್ಷಮಿಸು ಅಂತ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ. ಅತ್ತೆಯವರಿಗೆ ಆ ಮೂರು ಸಾಲಿನ ವಿಷಯ ಹೇಳಬೇಡ. ಹುಡುಗಿ ಊಟ ಮಾಡಿದ್ದಾಳೆ ಅಂತಷ್ಟೇ ಹೇಳು.

ನಿನ್ನ
ಬೆಂಕಿಪೊಟ್ಟಣ

ಮರೆತದ್ದಲ್ಲ, ಬರೆಯದೆ ಉಳಿಸಿಕೊಂಡದ್ದು: ಆ ಮಧ್ಯಾಹ್ನ ನೀನು ಹೇಳಿದ ಎರಡನೇ ಮಾತು, ‘ಪಾಪ, ಅವಳಿಗೆ ಕಿವಿ ಕೇಳಿಸ್ತಿಲ್ಲ ಕಣ್ರೀ, ಯಾರ ಹತ್ರಾನೂ ಬಾಯಿ ಬಿಡ್ಬೇಡಿ.’ ಉರಿದದ್ದು ಆ ಪಾಪಕ್ಕೆ. ಕಳೆದ ವಾರ ಡಾಕ್ಟರಿಗೆ ತೋರಿಸಿದೆ. ಬಲಗಿವಿ ಮುಗಿದಿದೆ, ಎಡಗಿವಿ ಅರ್ಧ ಹೋಗಿದೆ. ಹೆಡ್‌ಫೋನಿನ ದನಿಯನ್ನು ಪೂರ್ತಿ ಏರಿಸಿಕೊಂಡಿದ್ದೆನಲ್ಲ, ನಿನ್ನ ಬಾಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿದ ಕೊನೆಯ ಮಾತು ಅದೇ. ಆಮೇಲೆ ಏಳು ತಿಂಗಳು ನೀನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದದ್ದು ಬರೀ ಅಂದಾಜಿನಲ್ಲಿ. ನೀನು ಮೊದಲೇ ಮೆತ್ತಗೆ ಮಾತಾಡುವವಳು. ಇದನ್ನು ಓದಿ ಮುಗಿಸಿದ ಕೂಡಲೇ ಫೋನಿಗೆ ಕೈ ಹಾಕುತ್ತೀಯ, ಹಾಕಬೇಡ. ಕಾಗದ ಬರಿ. ಅಕ್ಷರ ದೊಡ್ಡದು ಮಾಡಿ ಬರೆಯಬೇಡ, ನನ್ನ ಕಣ್ಣು ನೆಟ್ಟಗಿದೆ.