ಅಪ್ಪನ ಚಾಕು, ನಮ್ಮ ತಾಯಿಗಿಡಗಳು

ಮಾರ್ಚ್ ೧೧, ಮಂಗಳವಾರ

ಉಗುರಿನ ಸಂದಿಯ ಮಣ್ಣು ಎಷ್ಟು ತೊಳೆದರೂ ಹೋಗುತ್ತಿಲ್ಲ. ಇರಲಿ.

ಬೆಳಿಗ್ಗೆ ನರ್ಸರಿಯಲ್ಲಿ, ನಾವು ಕುಡಿ ಕತ್ತರಿಸಿ ಸಸಿ ಮಾಡುವ ಕಾರ್ನೇಷನ್ ಹೂವಿನ ತಾಯಿಗಿಡಗಳ ಎಲೆ ಅರೆದು, ರೋಗ ಪತ್ತೆಯ ಕಿಟ್‌ನಲ್ಲಿ ಪರೀಕ್ಷೆ ಮಾಡಿದೆ. ಎಲ್ಲದರಲ್ಲೂ ವೈರಸ್. ಅಣ್ಣನಿಗೆ ಹೇಳಿದರೆ, "ಎಲೆ ಹೇಗೆ ನಳನಳಿಸ್ತಿದೆ ನೋಡು. ಎಲ್ಲಿದೆಯೇ ರೋಗ? ನಾಳೆ ಕುಡಿ ಕತ್ತರಿಸ್ತೀನಿ, ಅಷ್ಟೇ" ಎಂದ.

ಕತ್ತರಿಸುವುದು ಅಪ್ಪನ ಚಾಕುವಿನಿಂದಲೇ. ಒಂದು ಗಿಡದ ಕುಡಿ ತೆಗೆದು, ಚಾಕುವನ್ನು ಪ್ಯಾಂಟಿಗೆ ಒರೆಸಿ, ಮುಂದಿನ ಗಿಡಕ್ಕೆ ಕೈ ಹಾಕುವುದು. ಅಪ್ಪನೂ ಹಾಗೇ ಮಾಡುತ್ತಿದ್ದರು. ಅಲಗಿಗೆ ಅಂಟಿದ ರಸದಲ್ಲೇ ವೈರಸ್ ಗಿಡದಿಂದ ಗಿಡಕ್ಕೆ ದಾಟುತ್ತದೆ ಎಂದೆ.

"ಅಪ್ಪನ ಕೆಲಸಕ್ಕೇ ಹೆಸರಿಡ್ತೀಯಾ?"

ಇಡುತ್ತೇನೆ. ಅಪ್ಪ ಅವನೊಬ್ಬನಿಗೇ ಅಪ್ಪನಲ್ಲ. ಈ ನರ್ಸರಿಯೂ ಅವನೊಬ್ಬನದಲ್ಲ. ನಮ್ಮನ್ನು ನಂಬಿ ಸಸಿ ಒಯ್ಯುವವರ ತೋಟಕ್ಕೆ ರೋಗ ಕಳಿಸಿ ನಾನು ಕಣ್ಣು ಮುಚ್ಚಿ ಮಲಗಲಾರೆ.

ಸಂಜೆ ಅವನು ಮನೆಗೆ ಹೋದ ಮೇಲೆ ತಾಯಿಗಿಡಗಳನ್ನೆಲ್ಲ ಬೇರುಸಹಿತ ಕಿತ್ತು, ಗುಂಡಿಗೆ ಹಾಕಿ, ಮಣ್ಣು ಮುಚ್ಚಿದೆ. ಕೀಳುವಾಗ ಅಳು ಬಂತು. ಆದರೂ ಕೈ ನಿಲ್ಲಲಿಲ್ಲ.

ಚಾಕುವನ್ನು ಸಾಬೂನು ಹಾಕಿ ತಿಕ್ಕಿ, ನೀರಲ್ಲಿ ಕುದಿಸಿ, ಅವನ ಮೇಜಿನ ಮೇಲಿಟ್ಟು ಬಂದಿದ್ದೇನೆ. ಅದು ಇಷ್ಟು ಶುಭ್ರವಾಗಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಬೆಳಿಗ್ಗೆ ಎಷ್ಟು ಬೇಕಾದರೂ ಕೂಗಾಡಲಿ. ಕತ್ತರಿಸಲು ಒಂದು ಕುಡಿಯೂ ಇಲ್ಲ.