ಟಾಲಿವರ್ ತಾತನ ಹುಲ್ಲುಗಾವಲನ್ನು ಉಳಲು ಹೊರಟವರಿಗೆ

ಮಾನ್ಯ ಜಿಲ್ಲಾ ಭೂ ಅಧಿಕಾರಿಗಳೇ,

ನಮ್ಮ ನೆರೆಯ ಜೆಥ್ರೋ ಟಾಲಿವರ್ ಅವರಿಗೆ ತಾವು ಕಳಿಸಿದ ನೋಟಿಸು ಕಳೆದ ಮಂಗಳವಾರ ತಲುಪಿತು. ಎಪ್ಪತ್ತೆಂಟರ ಆ ಮುದುಕರಿಗೆ ಈಗ ಅಕ್ಷರ ಸರಿಯಾಗಿ ಕಾಣದು, ಹಾಗಾಗಿ ಓದಿ ಹೇಳುವ ಭಾಗ್ಯ ನನ್ನದಾಯಿತು. 'ಗುತ್ತಿಗೆ ಭೂಮಿಯನ್ನು ಅಭಿವೃದ್ಧಿಪಡಿಸದೆ ಪಾಳು ಬಿಟ್ಟಿರುವ ಕಾರಣ' ಅವರ ಗುತ್ತಿಗೆ ಜೂನ್ ಮೂವತ್ತಕ್ಕೆ ರದ್ದಾಗುತ್ತದಂತೆ. ಜುಲೈ ಒಂದರಂದು ಆ ಆರುನೂರ ನಲವತ್ತು ಎಕರೆ ಹುಲ್ಲುಗಾವಲನ್ನು ಉಳಲಾಗುತ್ತದಂತೆ.

"ಇನ್ನೊಂದ್ಸಲ ಓದಮ್ಮ. ಪಾಳು ಅಂದ್ರಾ?" ಎಂದರು ತಾತ.

"ಹೂಂ ತಾತ, ಪಾಳು."

ಅವರು ಕಿಟಕಿಯತ್ತ ಮುಖ ತಿರುಗಿಸಿದರು. ಆಚೆ ನಮ್ಮ ಹೊಲ, ಅಂದರೆ ತಮ್ಮ ಕಚೇರಿಯ ಲೆಕ್ಕದಲ್ಲಿ ಸಂಪೂರ್ಣ ಅಭಿವೃದ್ಧಿ ಹೊಂದಿದ ಹೊಲ, ಧೂಳಾಗಿ ಎದ್ದು ಕ್ಯಾನ್ಸಾಸ್ ಕಡೆಗೆ ಹಾರಿ ಹೋಗುತ್ತಿತ್ತು. "ಹಂಗಾದ್ರೆ ನಿಮ್ಮದಕ್ಕೆ ಏನಂತಾರೆ?" ಎಂದು ಕೇಳಿದರು. ಉತ್ತರವನ್ನು ತಮ್ಮಿಂದಲೇ ಕೇಳಿ ಹೇಳುತ್ತೇನೆ ಎಂದೆ. ತಮಗೆ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಬೇಕು.

ಮಾನ್ಯರೇ, ಮೊದಲು ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ, ತಾವು ಹುಡುಕುವ ಶ್ರಮ ಬೇಡ. ಒಂಬತ್ತು ವರ್ಷದ ಹಿಂದೆ ನಾನೂ ನನ್ನ ಗಂಡ ಆರಿನ್ನನೂ ಒಕ್ಲಹಾಮಾದ ಈ ಮೂಲೆಗೆ ಬಂದಾಗ ಕಣ್ಣು ಹಾಯುವಷ್ಟು ದೂರ ಗೇಣುದ್ದದ ಗುಂಗುರು ಹುಲ್ಲು. ತಮ್ಮ ಕಚೇರಿಯ ಪತ್ರಿಕೆ ತಿಂಗಳಿಗೊಮ್ಮೆ ಬರುತ್ತಿತ್ತು. ಹುಲ್ಲು ಸೋಮಾರಿಯ ಬೆಳೆ, ಗೋಧಿ ಶ್ರಮಜೀವಿಯ ಬೆಳೆ ಎಂದು ಅದು ನಮಗೆ ಬುದ್ಧಿ ಹೇಳುತ್ತಿತ್ತು. ನಾವು ಶ್ರಮಜೀವಿಗಳಾದೆವು. ಹೊಸ ಟ್ರ್ಯಾಕ್ಟರು, ದುಂಡು ಅಲಗಿನ ಹೊಸ ತಟ್ಟೆ ನೇಗಿಲು ತಂದು ಬೇಲಿಯಿಂದ ಬೇಲಿಗೆ ಒಂದು ಗರಿಕೆಯೂ ಉಳಿಯದ ಹಾಗೆ ಉತ್ತೆವು. ಕೊಯ್ಲಾದ ಮೇಲೆ ಕೂಳೆಗೆ ಬೆಂಕಿ ಇಟ್ಟು ಮತ್ತೆ ಉತ್ತೆವು. ಇಡೀ ಜಿಲ್ಲೆಗೇ ನೆಟ್ಟನೆಯ ಸಾಲು ಹೊಡೆದವನೆಂದು ತಾವೇ ಬಂದು ಆರಿನ್ನನ ಎದೆಗೆ ಪದಕ ಚುಚ್ಚಿದಿರಿ. ಬಡಪಾಯಿ, ಒಂದು ವಾರ ಅದನ್ನು ಹಾಕಿಕೊಂಡೇ ಹಂದಿಗಳಿಗೆ ಮೇವು ಹಾಕಿದ.

ಟಾಲಿವರ್ ತಾತ ಮಾತ್ರ ಉಳಲಿಲ್ಲ. ನಲವತ್ತು ದನ ಕಟ್ಟಿಕೊಂಡು ಹುಲ್ಲು ಕಾಯುತ್ತಾ ಕುಳಿತರು. ತಮ್ಮ ಪತ್ರಿಕೆಯಲ್ಲಿ ಅವರ ಹುಲ್ಲುಗಾವಲಿನ ಚಿತ್ರ 'ನಿದ್ರಿಸುತ್ತಿರುವ ಭೂಮಿ' ಎಂಬ ತಲೆಬರಹದೊಂದಿಗೆ ಅಚ್ಚಾಯಿತು. ನಾವು ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿ ನಕ್ಕೆವು. ಆ ಹುಲ್ಲಿನಿಂದ ಕಳೆಯೂ ಮೊಲವೂ ನಮ್ಮ ಗೋಧಿಗೆ ನುಗ್ಗುತ್ತಿವೆ, ಉಳುವಂತೆ ಅಪ್ಪಣೆ ಮಾಡಬೇಕು ಎಂದು ಇಪ್ಪತ್ತಮೂರು ಮಂದಿ ತಮಗೆ ಅರ್ಜಿ ಹಾಕಿದೆವು. ಮೊದಲ ಸಹಿ ನನ್ನದು. ಅಕ್ಷರ ಬಹಳ ಚೆನ್ನಾಗಿದೆ, ಕಡತದಲ್ಲಿ ನೋಡಿ.

ಆಮೇಲೆ ಮಳೆ ನಿಂತಿತು. ನಾಲ್ಕು ವರ್ಷವಾಯಿತು. ಬರವೇನೂ ತಾತನ ಬೇಲಿ ಕಂಡು ಹಿಂದಿರುಗಲಿಲ್ಲ. ಅವರ ಹುಲ್ಲೂ ಒಣಗಿತು, ಅರ್ಧಕ್ಕಿಂತ ಹೆಚ್ಚು ದನ ಮಾರಿದರು. ಆದರೆ ಒಣಗಿದ ಹುಲ್ಲಿನ ಬೇರು ಮಣ್ಣನ್ನು ಬಿಡಲಿಲ್ಲ. ನಮ್ಮಲ್ಲಿ ಮಣ್ಣನ್ನು ಹಿಡಿಯಲು ಯಾರಿದ್ದರು? ಬೇರನ್ನು ನಾವೇ ಕಿತ್ತಿದ್ದೆವು. ಈಗ ನಮ್ಮ ಮನೆಯಲ್ಲಿ ಧೂಳು ಬೀಳದಿರಲೆಂದು ತಟ್ಟೆಗಳನ್ನು ಬೋರಲು ಹಾಕಿಯೇ ಊಟಕ್ಕೆ ಕೂರುತ್ತೇವೆ, ಬಡಿಸುವ ಗಳಿಗೆಗೆ ಮಗುಚುತ್ತೇವೆ. ಕಿಟಕಿಗೆ ಒದ್ದೆ ದುಪ್ಪಟಿ. ಹುರುಳಿಕಾಯಿ ಬೀಜದ ಸಾರು ಬೇಯುವ ಹೊತ್ತಿಗೆ ಕಂದುಬಣ್ಣ ತಾನಾಗಿಯೇ ಬರುತ್ತದೆ. ನನ್ನ ತಂಗಿ ವಿಲೆಟ್ಟಾ ಧೂಳಿನ ಕೆಮ್ಮಿಗೆ ಸಿಕ್ಕಿ ಮಾರ್ಚಿನಲ್ಲಿ ತೀರಿಕೊಂಡಳು. ಅದರ ಬಗ್ಗೆ ನಾನು ತಮಾಷೆ ಮಾಡಲಾರೆ, ಇಲ್ಲಿಗೇ ಬಿಡುತ್ತೇನೆ.

ಇನ್ನು ಕಳೆದ ಮೇ ತಿಂಗಳ ಸಂಗತಿ. ತಾವು ತನಿಖೆಗೆ ಬಂದಿರಿ. ಗಾಳಿ ಎದ್ದ ದಿನ ಇಲ್ಲಿ ಯಾರೂ ಕೈಕುಲುಕುವುದಿಲ್ಲ, ಧೂಳಿನ ತಿಕ್ಕಾಟಕ್ಕೆ ಮೈಯಲ್ಲಿ ಕರೆಂಟು ತುಂಬಿರುತ್ತದೆ. ಆರಿನ್ ಕೈ ಹಿಂದಕ್ಕೆ ಕಟ್ಟಿಕೊಂಡು, "ಬೇಡ ಸಾರ್, ಹೊಡೆಯುತ್ತೆ," ಎಂದ. ತಾವು ಅದನ್ನು ಬೆದರಿಕೆ ಎಂದು ತಿಳಿದು ಇನ್ನಷ್ಟು ಗತ್ತಿನಿಂದ ಕೈ ಚಾಚಿದಿರಿ. ಆ ಹೊಡೆತಕ್ಕೆ ಹಾರಿಹೋದ ತಮ್ಮ ಟೋಪಿಯನ್ನು ಕೋಳಿಗೂಡಿನ ಹಿಂದಿನಿಂದ ನಾನೇ ತಂದುಕೊಟ್ಟದ್ದು ನೆನಪಿರಬಹುದು.

ಟಾಲಿವರ್ ಹುಲ್ಲುಗಾವಲು ನೋಡಬೇಕೆಂದಿರಿ. "ಕಾರಿನ ಹಿಂದೆ ಸರಪಳಿ ಎಳ್ಕೊಂಡು ಹೋಗ್ಬೇಕು ಸಾರ್, ಕರೆಂಟು ನೆಲಕ್ಕಿಳಿಯುತ್ತೆ. ಇಲ್ದಿದ್ರೆ ಇಂಜಿನ್ ಸತ್ತೋಗುತ್ತೆ," ಎಂದ ಆರಿನ್. "ನನ್ನ ಕಾರೇನು ಹಸುವೇನಯ್ಯಾ, ಸರಪಳಿ ಕಟ್ಟೋಕೆ?" ಎಂದು ತಾವು ನಕ್ಕಿರಿ. ದಾರಿ ತೋರಿಸಲು ನಾನೂ ಕಾರು ಹತ್ತಿದೆ. ಒಂದು ಮೈಲಿ ಹೋಗುವಷ್ಟರಲ್ಲಿ ಉತ್ತರದಿಂದ ಧೂಳಿನ ಕಪ್ಪು ಗೋಡೆ ಎದ್ದು ಬಂತು. ಕಾರು ಕೆಮ್ಮಿ ನಿಂತಿತು. ಹಾಡುಹಗಲಲ್ಲಿ ನನ್ನ ಕೈ ನನಗೇ ಕಾಣದಾಯಿತು.

ಕಾರಿನಲ್ಲೇ ಕುಳಿತರೆ ಉಸಿರು ಕಟ್ಟುವುದು ಖಚಿತವಾಗಿತ್ತು. ದಾರಿಗೆಂದು ಬೇಲಿಯ ತಂತಿ ಮುಟ್ಟಿದರೆ ಕರೆಂಟಿನ ಹೊಡೆತ. ನಾನು ತಮ್ಮ ಕೋಟಿನ ತುದಿಗೆ ನನ್ನ ಏಪ್ರನ್ನಿನ ಪಟ್ಟಿಯನ್ನು ಗಂಟು ಹಾಕಿ, "ಬೂಟು ಬಿಚ್ಚಿ ಸಾರ್," ಎಂದೆ.

"ಬೂಟಾ? ಯಾಕ್ರೀ?"

"ಕಾಲಿಗೆ ಮಣ್ಣು ಸಿಕ್ರೆ ನಮ್ಮ ಹೊಲ, ಹುಲ್ಲು ಸಿಕ್ರೆ ತಾತನ ಜಾಗ. ಹುಲ್ಲು ಬಿಡದೆ ಇಳಿಜಾರಲ್ಲಿ ಹೋದ್ರೆ ಅವರ ಮನೆ. ಬೇರೆ ಗುರುತಿಲ್ಲ."

ಎಷ್ಟು ಹೊತ್ತು ನಡೆದೆವೋ ಗೊತ್ತಿಲ್ಲ. ನನಗೆ ತಂಗಿಯ ಕೆಮ್ಮೇ ಕಿವಿಯಲ್ಲಿ ಕೇಳುತ್ತಿತ್ತು. ಕೊನೆಗೆ ತಾವು ಮಂಡಿಯೂರಿ, ಎರಡೂ ಕೈಯಿಂದ ನೆಲ ತಡಕುತ್ತಾ ತೆವಳಿದಿರಿ. ಇದ್ದಕ್ಕಿದ್ದಂತೆ ಕೂಗಿದಿರಿ: "ಹುಲ್ಲು! ಹುಲ್ಲು ಸಿಕ್ತು ಕಣಮ್ಮಾ! ದೇವರೇ, ಹುಲ್ಲು!" ಮಾನ್ಯರೇ, ತಮ್ಮ ಭಾಷಣಗಳನ್ನೆಲ್ಲ ತಪ್ಪದೆ ಕೇಳಿದವಳು ನಾನು. ಅಷ್ಟು ಒಳ್ಳೆಯ ಮಾತನ್ನು ತಾವು ಹಿಂದೆಂದೂ ಆಡಿರಲಿಲ್ಲ.

ತಮ್ಮ ಮುಖಕ್ಕಂಟಿದ ಧೂಳನ್ನು ತಾತನೇ ಒರೆಸಿದರು, ಜೋಳದ ರೊಟ್ಟಿ ಕೊಟ್ಟರು, ಮಲಗುವ ಹಾಸಿಗೆಯನ್ನೇ ತಮಗೆ ಬಿಟ್ಟುಕೊಟ್ಟರು. ಬೆಳಿಗ್ಗೆ ತಾವು ಅವರ ಎರಡೂ ಕೈ ಹಿಡಿದುಕೊಂಡು ಕಣ್ಣು ತುಂಬಿಕೊಂಡಿರಿ. ಮೂರು ವಾರಕ್ಕೆ ಸರಿಯಾಗಿ ತಮ್ಮ ಸಹಿಯ ನೋಟಿಸು ಬಂತು. ಆ ಬೆಳಿಗ್ಗೆ ಅತ್ತವರು ಯಾರು, ಈ ಸಹಿ ಹಾಕಿದವರು ಯಾರು? ಅಥವಾ ತಮ್ಮ ಕಚೇರಿಯಲ್ಲಿ ಕಣ್ಣಿಗೊಬ್ಬರು, ಕೈಗೊಬ್ಬರು ಎಂದು ಬೇರೆ ಬೇರೆ ನೇಮಕವಿದೆಯೇ?

ಇದಕ್ಕಿಂತ ಸೊಗಸಾದದ್ದು ಆ ಉಳುಮೆಗೆ ಆರಿನ್ನನನ್ನೇ ನೇಮಿಸಿ ತಾವು ಕಳಿಸಿದ ಪತ್ರ. ಅವನು ಅದನ್ನು ಜೇಬಿಗಿಟ್ಟುಕೊಂಡು ನೇರ ತಾತನ ಮನೆಗೆ ಹೋದ. ನಾನು ಹೆದರಿ ಹಿಂದೆಯೇ ಓಡಿದೆ. ಜಗಲಿಯ ಮೇಲೆ ಟೋಪಿ ತೆಗೆದು ನಿಂತಿದ್ದ.

"ಉಳೋಕೆ ಬಂದ್ಯೇನಪ್ಪ?" ಎಂದರು ತಾತ.

"ಇಲ್ಲ ತಾತ. ಒಂದು ಚೀಲ ಹುಲ್ಲಿನ ಬೀಜ ಕೇಳೋಕೆ ಬಂದೆ."

ತಾತ ತಲೆಯ ಬಿಳಿಕೂದಲ ಮೇಲೆ ಕೈಯಾಡಿಸಿದರು. "ಅದು ಹರಡಿ ಹುಲ್ಲುಗಾವಲಾಗೋ ಹೊತ್ತಿಗೆ ನಿನ್ನ ತಲೆಯೂ ನನ್ನ ಹಂಗೆ ಬೆಳ್ಳಗಾಗಿರುತ್ತೆ, ಗೊತ್ತಾ?"

"ಗೊತ್ತು ತಾತ."

"ಹಂಗಾದ್ರೆ ಎರಡು ಚೀಲ ತಗೊಂಡು ಹೋಗು, ಕತ್ತೆ ನನ್ ಮಗನೆ. ಅರ್ಧ ಗಾಳಿಗೇ ಹೋಗುತ್ತೆ."

ಆ ಬೈಗುಳ ಕೇಳಿ ಆರಿನ್ ನಕ್ಕ. ವಿಲೆಟ್ಟಾ ಹೋದ ಮೇಲೆ ನಮ್ಮ ಮನೆಯವರು ನಕ್ಕದ್ದು ಅದೇ ಮೊದಲು. ಈಗ ಬಾವಿಯ ಪಕ್ಕದ ಹತ್ತು ಎಕರೆಯಲ್ಲಿ, ಗಾಳಿಗೆ ಅಡ್ಡಲಾಗಿ, ಮುಸುಕಿನ ಜೋಳದ ಒಣ ದಂಟು ಹರಡಿ ಬೀಜ ಚೆಲ್ಲಿದ್ದೇವೆ. ಮೊಳೆಯುತ್ತದೋ ಇಲ್ಲವೋ ತಿಳಿಯದು.

ಮಾನ್ಯರೇ, ಹಳೆಯ ಅರ್ಜಿಗೆ ಸಹಿ ಹಾಕಿದ ಇಪ್ಪತ್ತಮೂರು ಜನರಲ್ಲಿ ಆರು ಮಂದಿ ಸಂಸಾರ ಸಮೇತ ಊರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರು, ಇಬ್ಬರು ಮಣ್ಣಾದರು. ಉಳಿದ ಹದಿನೈದು ಮಂದಿಯೂ ಸಹಿಯನ್ನು ಹಿಂದಕ್ಕೆ ಪಡೆದಿದ್ದೇವೆ, ಪತ್ರ ಲಗತ್ತಿಸಿದೆ. ನೋಟಿಸು ರದ್ದಾಗಬೇಕು. ತಾತ ಬದುಕಿರುವವರೆಗೂ, ಅವರ ನಂತರವೂ, ಆ ಹುಲ್ಲುಗಾವಲಿಗೆ ನೇಗಿಲು ಇಳಿಯಕೂಡದು. ಅಲ್ಲಿಯ ಬೀಜವನ್ನು ಕೇಳಿದವರಿಗೆಲ್ಲ ಹಂಚುವ ವ್ಯವಸ್ಥೆಯನ್ನು ತಮ್ಮ ಕಚೇರಿಯೇ ಮಾಡಬೇಕು.

ಇಲ್ಲ, ಉತ್ತೇ ತೀರಬೇಕು ಎಂದರೆ ಸಂತೋಷ. ಜಿಲ್ಲೆಯಲ್ಲಿ ಯಾವ ಚಾಲಕನೂ ಬರಲಾರ. ತಾವೇ ಟ್ರ್ಯಾಕ್ಟರು ಹತ್ತಿ ಮೊದಲ ಸಾಲು ಹೊಡೆಯಬೇಕು. ನಾವು ಹದಿನೈದು ಮನೆಯವರೂ ಬಂದು ಬೇಲಿಯ ಪಕ್ಕ ನಿಲ್ಲುತ್ತೇವೆ. ಅಡ್ಡ ಬರುವುದಿಲ್ಲ, ಮಾತನ್ನೂ ಆಡುವುದಿಲ್ಲ. ಸುಮ್ಮನೆ ನೋಡುತ್ತೇವೆ.

ಇಂತಿ,
ಇಷ್ಟು ವರ್ಷ ತಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ತಪ್ಪಿತಸ್ಥೆ,
ಡ್ರುಸಿಲ್ಲ ಹ್ಯಾಕೆಟ್
ಜೂನ್ 1935