ಎದುರೊಲೆಯ ಗಡಿಗೆ

ಬೆಳ್ಳಿಗಡ್ಡೆ, ಕೃಷ್ಣೆಯ ನಡುನೀರು
ಫೆಬ್ರುವರಿ ೩೦, ೨೨೯೧

ಮಾನವಶಾಸ್ತ್ರದ ಮೊದಲ ಪಾಠಕ್ಕೆ ಕೂತಿರುವ ನಿಮಗೆ ಮಂದಾಕಿನಿ ಹಳ್ಳೂರಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಒಂದೇ ಅಳತೆ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಬಾಲದಂತೆ ಅಂಟಿಸಿ ಹಬ್ಬ ಮಾಡುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪಠ್ಯಗಳಿಂದ ಕಲಿತವಳು ನಾನು, ನಡುನಡುವೆ ಅಪರಿಚಿತ ಪದ ಬಂದರೆ ಕ್ಷಮಿಸಿ. ಸಾವಕಾಶವಾಗಿ ತಿದ್ದಿ ಬರೆಯಲು ಹೊತ್ತಿಲ್ಲ. ದಡದಲ್ಲಿ ದೋಣಿ ಕಟ್ಟಿ ನಿಂತಿದೆ. ಅದು ಹೊರಡುವಾಗ ನಾಲ್ಕು ವರ್ಷದ ಗಂಗಿ ಅದರಲ್ಲಿ ಇರುತ್ತಾಳೋ, ತಾಯಿಯ ಬಳಿ ಉಳಿಯುತ್ತಾಳೋ ಎಂಬುದು ಇನ್ನು ಸ್ವಲ್ಪ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ಕೂತು ಬರೆಯುತ್ತಿದ್ದೇನೆ.

ಬೆಳ್ಳಿಗಡ್ಡೆ ನದಿಯ ನಡುವಿನ ಊರು. ಇಲ್ಲಿಯ ಜನರ ಬದುಕನ್ನು ಅರಿತು ಬಾ ಎಂದು ವಿಶ್ವವಿದ್ಯಾಲಯ ನನ್ನನ್ನು ಕಳಿಸಿ ಎರಡು ವರ್ಷವಾಯಿತು. ಓಣಿಯ ಎರಡೂ ಬದಿಗೆ ಮನೆಗಳು, ಪ್ರತಿ ಮನೆಯ ಮುಂದೆ ಬಿಸಿಲೊಲೆ. ಬಿಸಿಲೊಲೆ ಎಂದರೆ ಕನ್ನಡಿಯ ದೊಡ್ಡ ಪರಾತ, ಅದರ ನಡುವೆ ಕಾವು ಹಿಡಿದಿಡುವ ಕಲ್ಲು. ಹೊತ್ತು ಮುಳುಗಿದ ಮೇಲೆ ಕಲ್ಲು ಆರುತ್ತದೆ, ಅಲ್ಲಿಗೆ ಆ ದಿನದ ಅಡುಗೆ ಮುಗಿಯಿತು. ಊರಿನ ದೊಡ್ಡ ಕಟ್ಟಳೆ ಇದು: ಯಾವ ಮನೆಯೂ ತಾನು ಬೇಯಿಸಿದ್ದನ್ನು ತಾನು ಉಣ್ಣುವಂತಿಲ್ಲ. ಈ ಮನೆಯ ಗಡಿಗೆ ಆ ಮನೆಯ ಹೊಸ್ತಿಲಿಗೆ, ಆ ಮನೆಯದು ಈ ಹೊಸ್ತಿಲಿಗೆ. ಹೀಗೆ ಜೋಡಿಯಾದ ಮನೆಗಳು ಒಂದಕ್ಕೊಂದು ‘ಎದುರೊಲೆ’. ಎದುರೊಲೆಯ ಮನೆಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಅಲ್ಲಿ ಸತ್ತರೆ ಇಲ್ಲಿ ಸೂತಕ. ಅಲ್ಲಿಯ ಹೆಂಗಸು ಇಲ್ಲಿಯ ಮಕ್ಕಳಿಗೆ ದೊಡ್ಡವ್ವ. ಬಂಧುತ್ವದ ಅಧ್ಯಾಯದಲ್ಲಿ ತಾಯಿಯ ಕಡೆ, ತಂದೆಯ ಕಡೆ ಎಂದು ನೀವು ಗೆರೆ ಎಳೆಯುತ್ತೀರಲ್ಲ, ಇಲ್ಲಿ ಆ ಗೆರೆ ಒಲೆಯಿಂದ ಒಲೆಗೆ ಹೋಗುತ್ತದೆ.

ಬಂದ ಹೊಸತರಲ್ಲಿ ನನಗೂ ನಗು ಬಂದಿತ್ತು. ತನ್ನ ಬಿಸಿ ನುಚ್ಚನ್ನು ದಾಟಿಸಿ, ಎದುರಿನವರ ದಪ್ಪ ರೊಟ್ಟಿಗೆ ಮೂಗು ಮುರಿಯುತ್ತ ತಿನ್ನುವುದು ಯಾವ ಜಾಣತನ? ಆಮೇಲೆ ಹಿರಿಯರು ‘ಮುಚ್ಚಳದ ವರ್ಷ’ಗಳ ಮಾತು ಹೇಳಿದರು. ಅವರ ಅಜ್ಜಂದಿರ ಕಾಲದಲ್ಲಿ ಕಾಳು ಮುಗಿದು ಎಲ್ಲ ಮನೆಗಳೂ ಗಡಿಗೆಗೆ ಮುಚ್ಚಳ ಹಾಕಿ, ಬಾಗಿಲು ಹಾಕಿ, ಗುಟ್ಟಾಗಿ ಉಂಡವಂತೆ. ಪಕ್ಕದ ಮನೆಯಲ್ಲಿ ಮಕ್ಕಳು ಸತ್ತದ್ದು ವಾಸನೆ ಬಂದಾಗಲೇ ಗೊತ್ತಾಯಿತಂತೆ. ಅದಾದ ಮೇಲೆ ಬಂದದ್ದು ಈ ಕಟ್ಟಳೆ. ಎದುರಿನವರ ಹೊಟ್ಟೆ ಖಾಲಿ ಇಟ್ಟು ಇಲ್ಲಿ ಯಾರೂ ಉಣ್ಣಲಾರರು.

ಕಳೆದ ವಾರ ಹುಸೇನವ್ವ ತೀರಿಕೊಂಡಳು. ಒಂಟಿ ಮುದುಕಿ, ಗಂಗಿಯ ತಾಯಿ ನೀಲವ್ವನ ಎದುರೊಲೆ. ಸೂತಕ ಕಳೆದ ಮೇಲೆ ಹಿರಿಯರು ಕೂತು ನೀಲವ್ವನಿಗೆ ಹೊಸ ಜೋಡಿ ಹುಡುಕುತ್ತಾರೆ. ಅಲ್ಲಿಯವರೆಗೆ ತಾಯಿ ಮಗಳು ಒಲೆ ಮುಟ್ಟದ್ದನ್ನು ತಿನ್ನಬಹುದು: ನೆನೆಸಿದ ಕಡಲೆ, ಸೌತೆಕಾಯಿ, ಬಾಳೆಹಣ್ಣು. ಆದರೆ ನೀಲವ್ವ ದಿನವೂ ಅಡುಗೆ ಮಾಡಲೇಬೇಕು. ಹುಸೇನವ್ವನ ಪಾಲನ್ನು ಬೇಯಿಸಿ ಹೊಳೆಗೆ ಬಿಡಬೇಕು. ಗಂಗಿಯ ಹೊಟ್ಟೆಗೇನೂ ಕಡಿಮೆಯಿಲ್ಲ, ನಾನೇ ನೋಡಿದ್ದೇನೆ. ಆದರೂ ಕೂಸು ಕೂಸೇ. ಬಿಸಿ ರೊಟ್ಟಿ ಬೇಕೆಂದು ಹಟ ಹಿಡಿದು ಅಳುತ್ತದೆ.

ಮಕ್ಕಳ ಕಾವಲು ಮಂಡಳಿಯ ಪ್ರಭಾಕರ ಸಿಂದಗಿ ಇವತ್ತು ಮಧ್ಯಾಹ್ನ ದೋಣಿ ಇಳಿದಾಗ ಕಂಡದ್ದು ಇಷ್ಟು: ಅಳುವ ಮಗು, ಪಕ್ಕದಲ್ಲೇ ಹಬೆಯಾಡುವ ಗಡಿಗೆಯನ್ನು ನೀರಿಗೆ ಸುರಿಯುವ ತಾಯಿ. ಸಂಜೆ ದೋಣಿಯಲ್ಲಿ ಮಗುವನ್ನು ಕರೆದೊಯ್ಯುತ್ತೇನೆ ಎಂದರು. ಕೆಟ್ಟ ಮನುಷ್ಯನಲ್ಲ, ಹಸಿದು ಸತ್ತ ಮಕ್ಕಳನ್ನು ಕೈಯಲ್ಲಿ ಎತ್ತಿದವರು. ನಾನು ನಿಮ್ಮ ಮೊದಲ ಪಾಠವನ್ನೇ ಒಪ್ಪಿಸಿದೆ. ನಮ್ಮ ಮನೆಯ ಸೇರಿನಿಂದ ಇನ್ನೊಬ್ಬರ ಬಾಳನ್ನು ಅಳೆಯಬಾರದು, ಅದರ ಅರ್ಥ ಅದರೊಳಗೇ ಇರುತ್ತದೆ, ಇದಕ್ಕೆ ಸಂಸ್ಕೃತಿ ಸಾಪೇಕ್ಷತೆ ಎನ್ನುತ್ತಾರೆ ಎಂದೆಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. “ಪರೀಕ್ಷೇಲಿ ಬರೀರಿ ಮೇಡಂ, ಒಳ್ಳೆ ಅಂಕ ಬರತ್ತೆ. ಮಗು ಅಳ್ತಾ ಇದೆ, ಕೇಳಿಸ್ತಿಲ್ವಾ?” ಎಂದರು. ನನಗೆ ಸಿಟ್ಟು ಬಂತು.

ಒಂದೇ ಒಂದು ತುತ್ತು ನಿನ್ನ ಸಂಜೆಯ ಗಡಿಗೆಯಿಂದ ಕೊಟ್ಟುಬಿಡು ಎಂದು ನೀಲವ್ವನ ಕೈ ಹಿಡಿದೆ. ಅವಳು ಮಗಳನ್ನು ಉಸಿರುಗಟ್ಟುವಂತೆ ಅವುಚಿಕೊಂಡಿದ್ದಳು. “ಇವತ್ತ ನಾ ನನ್ನ ಗಡಿಗಿಂದ ನನ್ನ ಕೂಸಿಗೆ ಹಾಕಿದ್ರ, ನಾಳಿಗೆ ಎಲ್ಲಾರೂ ಮುಚ್ಚಳಾ ಹಾಕ್ತಾರ್ರಿ ಅಕ್ಕಾರ. ಆವಾಗ ಯಾರ ಕೂಸು ಉಳಿತೈತಿ?” ಬೇರೆ ಮನೆಗಳವರು ಅಂಗಳದಲ್ಲಿ ನಿಂತು ಕಣ್ಣೊರೆಸುತ್ತಿದ್ದರು. ಅವರಿಗೆಲ್ಲ ಅವರವರ ಎದುರೊಲೆಗಳಿವೆ. ಇನ್ನೊಂದು ಹೊಸ್ತಿಲಿಗೆ ಗಡಿಗೆ ಇಟ್ಟರೆ ತಮ್ಮವರನ್ನು ಕೈಬಿಟ್ಟಂತೆ.

ಜೋಡಿಯಿಲ್ಲದ ಒಲೆ ಊರಲ್ಲಿದ್ದರೆ ಹಿರಿಯರನ್ನು ಕಾಯಬೇಕಿಲ್ಲ. ಅಂಥ ಒಲೆ ಇದ್ದದ್ದು ಒಂದೇ, ನನ್ನದು. ಎರಡು ವರ್ಷ ಅದು ತಣ್ಣಗೇ ಇತ್ತು. ಸಂಶೋಧಕರು ವಿಶ್ವವಿದ್ಯಾಲಯದಿಂದ ಬರುವ ಒಣ ಪೊಟ್ಟಣವನ್ನೇ ತಿನ್ನಬೇಕು, ಒಲೆ ಹಚ್ಚಬಾರದು. ಹಚ್ಚಿದವರನ್ನು ನಮ್ಮಲ್ಲಿ ‘ಒಳಬಿದ್ದವರು’ ಎನ್ನುತ್ತಾರೆ. ಅವರ ಬರಹವನ್ನು ಆಮೇಲೆ ಯಾರೂ ನಂಬುವುದಿಲ್ಲ. ನೀವು ಸಹಭಾಗಿ ಅವಲೋಕನ ಎಂದು ಓದುತ್ತೀರಿ. ಎಲ್ಲಿಯವರೆಗೆ ಸಹಭಾಗಿ, ಎಲ್ಲಿಂದ ಅವಲೋಕನ, ಯಾವ ಪುಸ್ತಕವೂ ಹೇಳಿಕೊಡದು. ಅದೂ ಅಲ್ಲದೆ, ಎದುರೊಲೆಯಾದವಳು ದ್ವೀಪ ಬಿಟ್ಟು ಹೋದರೆ ಎದುರಿನ ಮನೆ ಉಪವಾಸ. ನಾನು ಇದೇ ದೋಣಿಯಲ್ಲಿ ಊರಿಗೆ ಹೊರಡಬೇಕಾದವಳು. ಆ ದಡದಲ್ಲಿ ನನ್ನ ಗಂಡ ಶಿವಲಿಂಗ ಕಾಯುತ್ತಿದ್ದಾನೆ. ನೀರು ಕಂಡರೆ ಬೆವರುವ ಮನುಷ್ಯ, ಇಲ್ಲಿಗೆ ಬರುತ್ತಾನೆಂದು ಹೇಗೆ ನಂಬಲಿ?

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಕನ್ನಡಿಯ ಧೂಳು ಒರೆಸಿ ಬಿಸಿಲಿಗೆ ತಿರುಗಿಸಿದೆ. ಹೊತ್ತು ಆಗಲೇ ವಾಲಿತ್ತು. ಅಂಗಳದವರು ಜೋಳದ ಹಿಟ್ಟು ಕೊಟ್ಟರು. ಹಿಟ್ಟು ಕೊಡಬಹುದು, ಅದು ಒಲೆ ಮುಟ್ಟಿಲ್ಲವಲ್ಲ. ನಾನು ಬಡಿದ ರೊಟ್ಟಿ ನಡುವೆ ಹೊತ್ತಿತು, ಅಂಚಿನಲ್ಲಿ ಹಸಿ ಉಳಿಯಿತು. ಕಟ್ಟಳೆಯಂತೆ ಮಾತಾಡದೆ ಒಯ್ದು ನೀಲವ್ವನ ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಸರಿದೆ. ಅವಳು ಕೂತು, ಕರಕಲಾದದ್ದನ್ನು ಕೆರೆದು, ಬೆಂದಷ್ಟನ್ನು ಮುರಿದು ಮಗಳ ಬಾಯಿಗಿಟ್ಟಳು. “ರೊಟ್ಟಿ ಬಡಿಯಾಕ ಯಾರ ಕಲಿಸ್ಯಾರವ್ವ ನಿನಗ?” ಎಂದಳು, ನನ್ನ ಕಡೆ ನೋಡದೆ.

ಪ್ರಭಾಕರರು ಕಣ್ಣಾರೆ ಕಂಡರು. “ಇವತ್ತಿಂದು ಸರಿ. ನಾಳೆ ಯಾರು ಕೊಡ್ತಾರೆ?” ಎಂದರು. ಇಡೀ ದಿನದಲ್ಲಿ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಅದಕ್ಕೆ ಉತ್ತರ ನನ್ನ ಬಳಿ ಇಲ್ಲ, ನೀಲವ್ವನ ಬಳಿ ಇದೆ. ನನ್ನ ಒಲೆಯ ಕಲ್ಲು ಆರುವುದರೊಳಗೆ ಅವಳ ಗಡಿಗೆ ನನ್ನ ಹೊಸ್ತಿಲಿಗೆ ಬಂದರೆ ನಾವು ಎದುರೊಲೆ. ಬಾರದಿದ್ದರೆ ನಾನು ಕೊಟ್ಟದ್ದು ಬರೀ ಭಿಕ್ಷೆ, ಭಿಕ್ಷೆಯಿಂದ ಇಲ್ಲಿ ಯಾವ ನಂಟೂ ಹುಟ್ಟುವುದಿಲ್ಲ. ಆಗ ಗಂಗಿಯೂ ನಾನೂ ಇದೇ ದೋಣಿ ಹತ್ತಬೇಕು.

ಹುಸೇನವ್ವನ ಸಂಜೆಯ ಪಾಲಿನ ನುಚ್ಚನ್ನು ಒಲೆಯಿಂದ ಇಳಿಸಿಕೊಂಡು ಒಳಗೆ ಹೋದ ನೀಲವ್ವ ಬಾಗಿಲು ಹಾಕಿಕೊಂಡಿದ್ದಾಳೆ. ನಾನು ಬಿಡಬೇಕಾದದ್ದನ್ನೇ ಲೆಕ್ಕ ಹಾಕುತ್ತ ಕೂತಿದ್ದೆ, ಅವಳು ಬಿಡಬೇಕಾದದ್ದು ಈಗ ಹೊಳೆಯುತ್ತಿದೆ. ನನಗೆ ಗಡಿಗೆ ಇಟ್ಟರೆ ಹುಸೇನವ್ವನ ಪಾಲು ಹೊಳೆಗೆ ಹೋಗುವುದು ನಿಲ್ಲುತ್ತದೆ. ಆ ಮುದುಕಿಯನ್ನು ಅವಳು ಇವತ್ತೇ, ಸೂತಕ ಮುಗಿಯುವ ಮೊದಲೇ, ಕಳಿಸಿಕೊಡಬೇಕು. ಅಷ್ಟನ್ನು ಕೇಳಲು ನಾನು ಯಾರು? ಕಲ್ಲಿನ ಮೇಲೆ ಕೈ ಇಟ್ಟು ನೋಡಿದೆ. ಇನ್ನೂ ಬೆಚ್ಚಗಿದೆ, ಆದರೆ ಕೈ ಇಡಬಹುದಾದಷ್ಟು ಮಾತ್ರ.

ನಿಮ್ಮಲ್ಲಿ ಒಂದೇ ಬೇಡಿಕೆ. ಯಾವುದೋ ಊರಿನ ಪದ್ಧತಿ ಕಂಡು ‘ವಿಚಿತ್ರ’ ಎಂದು ಬರೆಯುವ ಮೊದಲು, ಇದರ ಹಿಂದೆ ಯಾವ ಮುಚ್ಚಳದ ವರ್ಷ ಇತ್ತು ಎಂದು ಕೇಳಿ. ಮಗು ಅಳುವಾಗ ಮಾತ್ರ ಶಾಸ್ತ್ರದ ಹಿಂದೆ ಅವಿತುಕೊಳ್ಳಬೇಡಿ. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ನನಗಿನ್ನೂ ಗೊತ್ತಿಲ್ಲ.

ಬಾಗಿಲು ತೆರೆದ ಸದ್ದು.

ನೀಲವ್ವ ಬಂದಳು. ಅತ್ತಿದ್ದಾಳೆ. ಗಡಿಗೆಯನ್ನು ನನ್ನ ಹೊಸ್ತಿಲ ಮೇಲಿಟ್ಟು, ಕಟ್ಟಳೆಯಂತೆ ಒಂದು ಮಾತೂ ಆಡದೆ ಹಿಂದಿರುಗಿದಳು. ಗಂಗಿಗೆ ಯಾವ ಕಟ್ಟಳೆ? ಓಣಿಯ ಆಚೆಯಿಂದ ನನ್ನನ್ನೇ ನೋಡುತ್ತ “ದೊಡ್ಡವ್ವಾ, ನುಚ್ಚು ಆರತೈತಿ, ಉಣ್ಣು” ಎಂದು ಕೂಗುತ್ತಿದ್ದಾಳೆ.

ದೋಣಿಯ ಹಗ್ಗ ಬಿಚ್ಚುತ್ತಿದ್ದಾರೆ. ಶಿವಲಿಂಗನಿಗೆ ಪ್ರಭಾಕರರೇ ಹೇಳಬೇಕು. ನಾನಿನ್ನು ಉಣ್ಣಬೇಕು, ಬೆಳಗಾದರೆ ರೊಟ್ಟಿ ಬಡಿಯುವುದನ್ನು ಕಲಿಯಬೇಕು.